ಔಷಧಕ್ಕೆ ಬಗ್ಗದ ಮೂರ್ಛೆರೋಗ: ಹೆತ್ತವರಿಗೆ ಆಸರೆ ಹೇಗೆ?

ಸೂಕ್ತವಾಗಿ ಆಯ್ದ ಎರಡು ಔಷಧಗಳನ್ನು ಸರಿಯಾಗಿ ನೀಡಿದರೂ ಸೆಳವು ಹತೋಟಿಗೆ ಬಾರದಿದ್ದರೆ ಅದನ್ನು ಔಷಧ ನಿರೋಧಕ ಮೂರ್ಛೆರೋಗ ಎನ್ನಲಾಗುತ್ತದೆ. ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಈ ಗುಂಪಿಗೆ ಸೇರುತ್ತದೆ.

ಅಂತಹ ಮಗುವಿನ ತಾಯಿ ರಾತ್ರಿಯಿಡೀ ಎಚ್ಚರವಾಗಿರುತ್ತಾಳೆ. ಸಾಂತ್ವನದ ಮಾತಿಗಿಂತ ಆಕೆಗೆ ಬೇಕಿರುವುದು ಒಂದು ರಾತ್ರಿಯ ನಿದ್ದೆ. ಅದಕ್ಕಾಗಿ ಮನೆಯ ಇನ್ನೊಬ್ಬರಾದರೂ ಸೆಳವನ್ನು ನಿಭಾಯಿಸಲು ಕಲಿಯಬೇಕು. ಮಗುವನ್ನು ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡಬೇಕು; ಬಾಯಿಗೆ ಏನನ್ನೂ ತುರುಕಬಾರದು. ಐದು ನಿಮಿಷ ಮೀರಿದರೆ ವೈದ್ಯರು ಮೊದಲೇ ಸೂಚಿಸಿರುವ ಮಿಡಜೋಲಮ್ ಸ್ಪ್ರೇಯನ್ನು ಮೂಗಿಗೆ ಸಿಂಪಡಿಸಿ ಆಸ್ಪತ್ರೆಗೆ ಒಯ್ಯಬೇಕು. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ನಿರರ್ಥಕ.

'ಮಾತ್ರೆ ನಿಲ್ಲಿಸಿ ನೋಡಿ' ಎಂಬ ಬಂಧುಗಳ ಸಲಹೆಯಂತೂ ಅಪಾಯಕಾರಿ; ಔಷಧ ಹಠಾತ್ತನೆ ನಿಂತರೆ ಸೆಳವು ಉಲ್ಬಣಿಸಬಹುದು. ಅದರ ಬದಲು ಸೆಳವಿನ ದಿನ, ಹೊತ್ತು, ಅವಧಿಗಳನ್ನು ಬರೆದಿಡಲು ನೆರವಾದರೆ ವೈದ್ಯರಿಗೂ ಅನುಕೂಲ.

ಆಯ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆಯ ದಾರಿಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯ ಲಭ್ಯ. ಇನ್ನೊಂದು, 1921ರಿಂದ ಪ್ರಚಾರದಲ್ಲಿರುವ ಕೀಟೋಜೆನಿಕ್ ಪಥ್ಯ. ಇದರಲ್ಲಿ ಕೊಬ್ಬು ಅಧಿಕ, ಅನ್ನ-ಸಕ್ಕರೆ ಅತ್ಯಲ್ಪ. ಪ್ರತಿ ತುತ್ತನ್ನೂ ತೂಗಿ ಬಡಿಸುವ ತಾಯಿಯ ಶ್ರಮವನ್ನು ಮದುವೆಮನೆಯಲ್ಲಿ ಅಕ್ಕರೆಯಿಂದ ನೀಡಿದ ಒಂದೇ ಹೋಳಿಗೆ ಕೆಡಿಸಬಲ್ಲದು. ಆದ್ದರಿಂದ ಪಥ್ಯದ ವಿವರವನ್ನು ಅಜ್ಜಿ, ಅತ್ತೆ, ಶಾಲೆಯ ಶಿಕ್ಷಕಿ ಎಲ್ಲರೂ ತಿಳಿದಿರಬೇಕು.