ಪೇದ್ರು, ಪಾದ್ರಿ, ಇಗರ್ಜಿ: ಲ್ಯಾಟಿನ್ ಒಡೆದು ಹಲವು ಭಾಷೆಗಳಾದ ಬಗೆ

ಹೊಸನಗರ ತಾಲೂಕಿನ ನಿಟ್ಟೂರು ಕೊಲ್ಲೂರು ಘಾಟಿಯ ಮೇಲಿನ ಊರು. ಸಾಗರ, ಹೊಸನಗರ, ತೀರ್ಥಹಳ್ಳಿಯ ಆ ಸೀಮೆಯಲ್ಲಿ ಕರಾವಳಿಯಿಂದ ಹೋಗಿ ನೆಲೆಸಿದ ಕೊಂಕಣಿ ಮಾತಿನ ಕಥೋಲಿಕ ಕುಟುಂಬಗಳಿವೆ. ಹೊರಗೆ ಕನ್ನಡ, ಮನೆಯಲ್ಲಿ ಕೊಂಕಣಿ. ಅವರೂ ನಾವೂ ದಿನನಿತ್ಯ ಆಡುವ ಇಗರ್ಜಿ, ಪಾದ್ರಿ, ಖುರಿಸ್, ತೆರ್ಸ್, ಬೆಸಾಂವ್ ಎಂಬ ಮಾತುಗಳಿಗೆಲ್ಲ ಲ್ಯಾಟಿನ್ ನಂಟಿದೆ. ಆದರೆ ಇವು ಹಳೆಯ ಪೂಜಾಪುಸ್ತಕದಿಂದ ನೇರವಾಗಿ ಇಳಿದವಲ್ಲ. ಜನರ ಬಾಯಲ್ಲಿ ಸವೆದು, ಪೋರ್ಚುಗೀಸ್ ಆಗಿ, ಗೋವೆಯ ದಾರಿಯಲ್ಲಿ ನಮಗೆ ಬಂದವು.

ಲ್ಯಾಟಿನ್ ಸತ್ತುಹೋದ ಭಾಷೆ ಎಂದು ನಾವು ಹೇಳುವುದುಂಟು. ಸತ್ತ ದಿನ ಯಾವುದೆಂದು ಕೇಳಿದರೆ ಉತ್ತರವಿಲ್ಲ. ರೋಮ್ ಸಾಮ್ರಾಜ್ಯದ ಸೈನಿಕರು, ವ್ಯಾಪಾರಿಗಳು, ರೈತರು ಆಡುತ್ತಿದ್ದದ್ದು ಪಂಡಿತರ ಬರಹದ ಲ್ಯಾಟಿನ್ ಅಲ್ಲ. ಐದನೆಯ ಶತಮಾನದಲ್ಲಿ ಪಶ್ಚಿಮದ ಸಾಮ್ರಾಜ್ಯ ಕುಸಿದು ಸೀಮೆಸೀಮೆಗಳ ನಡುವಿನ ಓಡಾಟ ಕಡಿಮೆಯಾದಾಗ ಆಡುಮಾತು ಒಂದೊಂದು ಕಡೆ ಒಂದೊಂದು ರೀತಿ ಬದಲಾಯಿತು. ಹಳಗನ್ನಡದ 'ಪಾಲ್' ನಮ್ಮಲ್ಲಿ 'ಹಾಲು' ಆದದ್ದೂ ಹೀಗೆಯೇ. ಯಾರೂ ಒಂದು ದಿನ ಕುಳಿತು ತೀರ್ಮಾನಿಸಲಿಲ್ಲ.

ಸುಮಾರು 700ರ ಹೊತ್ತಿನ ಒಂದು ಹಸ್ತಪ್ರತಿಯಲ್ಲಿ 227 ತಿದ್ದುಪಡಿಗಳ ಪಟ್ಟಿಯೊಂದು ಉಳಿದಿದೆ. ಯಾರೋ ಶಿಕ್ಷಕ ಮಾಡಿದ್ದಿರಬೇಕು. ಮೇಜಿಗೆ 'ಮೆನ್ಸ' ಎನ್ನಬೇಕು, 'ಮೆಸ' ಎನ್ನಬಾರದು ಎಂಬ ತಿದ್ದುಪಡಿಯೂ ಅದರಲ್ಲಿದೆ. ಜನ ಕೇಳಲಿಲ್ಲ. ಆ 'ತಪ್ಪು' ಪದವೇ ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ ಇಂದು ಸರಿಯಾದ ಪದ. (ನಮ್ಮ 'ಮೇಜು' ಅಲ್ಲಿಂದ ಬಂತೆನ್ನುವವರಿದ್ದಾರೆ, ಫಾರ್ಸಿಯಿಂದ ಬಂತೆನ್ನುವವರೂ ಇದ್ದಾರೆ.) ಹಳ್ಳಿಯ ಅಜ್ಜಿಯ ಉಚ್ಚಾರವನ್ನು ಕಂಡು ನಗುವವರು ಈ ಪಟ್ಟಿಯನ್ನೊಮ್ಮೆ ನೋಡಬೇಕು.

ಬದಲಾವಣೆಗೆ ಕ್ರಮವೂ ಇತ್ತು. ಬೀಗದ ಕೈಗೆ ಲ್ಯಾಟಿನ್‌ನಲ್ಲಿ 'ಕ್ಲಾವಿಸ್'. ಮೊದಲಿನ 'ಕ್ಲ' ಇಟಾಲಿಯನ್‌ನಲ್ಲಿ 'ಕ್ಯ' ಆಗಿ 'ಕ್ಯಾವೆ' ಎಂದಾಯಿತು, ಫ್ರೆಂಚರು 'ಕ್ಲೆ' ಎಂದರು, ಪೋರ್ಚುಗೀಸರು 'ಚಾವೆ' ಎಂದರು. ನಮ್ಮ 'ಚಾವಿ' ಅದೇ. ಇಂದು ಲಿಸ್ಬನ್‌ನಲ್ಲಿ ಆ ಪದದ 'ಚ' ಹೋಗಿ 'ಶ' ಆಗಿದೆ. ಹಳೆಯ ಉಚ್ಚಾರ ನಮ್ಮ ಬಾಯಲ್ಲಿ ಉಳಿದಿದೆ. 'ಮಾಗಿಸ್ತೆರ್', ಅಂದರೆ ಗುರು, ಸವೆದು 'ಮೆಸ್ತ್ರೆ' ಆಗಿ ನಮ್ಮ ಕಟ್ಟಡದ ಮೇಸ್ತ್ರಿಯಾದ. ಗ್ರೀಕಿನಿಂದ ಲ್ಯಾಟಿನ್‌ಗೆ ಬಂದ 'ಎಕ್ಲೇಸಿಯ' ಪೋರ್ಚುಗೀಸರಲ್ಲಿ 'ಇಗ್ರೆಜ', ನಮ್ಮಲ್ಲಿ ಇಗರ್ಜಿ.

ವ್ಯಾಕರಣವೂ ಸಡಿಲವಾಯಿತು. ಕನ್ನಡದಲ್ಲಿ 'ಪೇದ್ರುವಿನ ಮನೆ' ಎನ್ನುವಾಗ ಪದದ ಕೊನೆಯಲ್ಲಿ ವಿಭಕ್ತಿ ಪ್ರತ್ಯಯ ಬರುತ್ತದಲ್ಲವೇ? ಲ್ಯಾಟಿನ್‌ನಲ್ಲೂ ಪದದ ಕೊನೆಯೇ ಬದಲಾಗಿ 'ಪೆತ್ರಿ' ಎಂದಾಗುತ್ತಿತ್ತು. ಪದಗಳ ಕೊನೆಯ ಸ್ವರಗಳು ಮಾಸಿದಾಗ ಆ ಗುರುತು ಕೇಳಿಸದಾಯಿತು. ಜನ ಹಿಂದೆ 'ದೆ' ಸೇರಿಸಿ 'ದೆ ಪೆದ್ರು' ಎಂದರು.

ಈ ಒಡಹುಟ್ಟಿದ ಭಾಷೆಗಳಲ್ಲಿ ಎರಡು ಜೊತೆಯಾಗಿ ಮಲೆನಾಡಿಗೂ ಬಂದಿದ್ದವು. 1623ರಲ್ಲಿ ರೋಮ್‌ನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯ ಪೋರ್ಚುಗೀಸ್ ರಾಯಭಾರಿಯೊಡನೆ ಗೇರುಸೊಪ್ಪೆಯ ದಾರಿಯಲ್ಲಿ ಘಟ್ಟ ಹತ್ತಿ, ಸಾಗರದ ಬಳಿಯ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ಕಂಡದ್ದನ್ನು ಇಟಾಲಿಯನ್‌ನಲ್ಲಿ ಪತ್ರಗಳಾಗಿ ಬರೆದ. ಅವನ ಹೆಸರೂ ನಮ್ಮ ಪೇದ್ರುವಿನ ಹೆಸರೂ ಒಂದೇ: ಸಂತ ಪೇತ್ರರದು.

ಭಾಷೆ ಬದಲಾಗಿದೆ ಎಂದು ಒಪ್ಪಿಕೊಂಡವರಲ್ಲಿ ಧರ್ಮಸಭೆ ಮೊದಲಿನದು. ಪ್ರಬೋಧನೆ ಭಕ್ತಾದಿಗಳಿಗೆ ಅರ್ಥವಾಗುತ್ತಿರಲಿಲ್ಲ. 813ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ಸೇರಿದ ಬಿಷಪರು, ಪ್ರಬೋಧನೆಯನ್ನು ಜನರ 'ಹಳ್ಳಿಯ ರೋಮನ್' ಮಾತಿಗೆ ಅಥವಾ ಜರ್ಮನ್ ಮಾತಿಗೆ ತಿರುಗಿಸಿ ಹೇಳಬೇಕೆಂದು ವಿಧಿಸಿದರು. ಇಪ್ಪತ್ತೊಂಬತ್ತು ವರ್ಷಗಳ ನಂತರ, 842ರಲ್ಲಿ, ಸ್ತ್ರಾಸ್‌ಬುರ್ಗ್‌ನಲ್ಲಿ ರಾಜರಿಬ್ಬರು ಮಾಡಿದ ಪ್ರಮಾಣವಚನದಲ್ಲಿ ಫ್ರೆಂಚಿನ ಪೂರ್ವರೂಪ ಮೊದಲ ಬಾರಿಗೆ ಬರಹದಲ್ಲಿ ಕಾಣಿಸಿತು. ಬಲಿಪೂಜೆ ಮಾತ್ರ ಲ್ಯಾಟಿನ್‌ನಲ್ಲೇ ಮುಂದುವರಿಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನಭಾಷೆಗಳಿಗೆ ಬಾಗಿಲು ತೆರೆದ ಮೇಲೆಯೇ ನಮ್ಮ ಪೀಠಗಳಲ್ಲಿ ಕೊಂಕಣಿ, ಕನ್ನಡದ ಪೂಜೆ ಕೇಳಿಬಂದದ್ದು.

ಕೊನೆಯದಾಗಿ 'ತೆರ್ಸ್' ಬಗ್ಗೆ, ಧರ್ಮೋಪದೇಶದ ಮಕ್ಕಳು ಕೇಳುವುದುಂಟು. ಲ್ಯಾಟಿನ್ 'ತೆರ್ತಿಯುಸ್', ಪೋರ್ಚುಗೀಸ್ 'ತೆರ್ಸು', ಅಂದರೆ ಮೂರನೆಯ ಒಂದು ಪಾಲು. ಜಪಸರದ ಹದಿನೈದು ರಹಸ್ಯಗಳಲ್ಲಿ ಐದನ್ನು ಒಂದು ಸಲ ಜಪಿಸುತ್ತಿದ್ದುದರಿಂದ ಆ ಹೆಸರು. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾವ್ಲ್ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ ಮೇಲೆ ಲೆಕ್ಕಕ್ಕೆ ಅದು ನಾಲ್ಕರಲ್ಲೊಂದು ಪಾಲು. ಹೆಸರನ್ನು ಯಾರೂ ಬದಲಿಸಿಲ್ಲ.