ಮಗ್ಗ ನನ್ನದು, ನೂಲು ಯಾರದು?



ನೇಸರಿಯಿಂದ, ಗಡಹಿಂಗ್ಲಜದಿಂದ ಕೆಲಸ ಅರಸಿ ಇಚಲಕರಂಜಿಗೆ ಹೋದವರು ನಿಮ್ಮ ಮನೆತನದಲ್ಲೂ ಒಬ್ಬರಾದರೂ ಇದ್ದಾರು. ಆ ಊರಿಗೆ 1904ರಲ್ಲಿ ಮೊದಲ ಯಂತ್ರಮಗ್ಗ ತಂದವರು ವಿಠ್ಠಲರಾವ್ ದಾತಾರರು. ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರು ಇಂಥ ಉದ್ಯೋಗಗಳಿಗೆ ಒತ್ತಾಸೆಯಾದರು. ದೊಡ್ಡ ಗಿರಣಿ ಕಟ್ಟದೆ, ನಾಲ್ಕು ಮಗ್ಗ ಹಾಕಿಯೂ ಮಾಲಕನಾಗಬಹುದೆಂಬ ಆಸೆ ಹೀಗೆ ಬೇರೂರಿತು.

1983ರ ಆಗಸ್ಟ್ 15ರಂದು ಇಂದಿರಾ ಗಾಂಧಿಯವರು ವಿದ್ಯಾವಂತ ನಿರುದ್ಯೋಗಿಗಳ ಸ್ವಯಂ ಉದ್ಯೋಗ ಯೋಜನೆಯನ್ನು ಸಾರಿದರು. ನಮ್ಮ ಕಡೆ ಮರಾಠಿಯಲ್ಲಿ 'ಸುಶಿಕ್ಷಿತ ಬೇರೋಜಗಾರ' ಎಂದೇ ಅದು ಪರಿಚಿತ. ಮೆಟ್ರಿಕ್ ಪಾಸಾದ, 18ರಿಂದ 35 ವಯಸ್ಸಿನವರಿಗೆ 25,000 ರೂಪಾಯಿವರೆಗೆ ಸಾಲ. ಅದರಲ್ಲಿ ಕಾಲು ಭಾಗ ಸಹಾಯಧನ. ಅರ್ಜಿ ಜಿಲ್ಲಾ ಉದ್ಯೋಗ ಕೇಂದ್ರಕ್ಕೆ.

ಕಾಗದಪತ್ರ ಬಲು ಸರಳ. ಬ್ಯಾಂಕಿನ ಗುಮಾಸ್ತನಾಗಿ ನಾನೇ ಎಷ್ಟೋ ಅರ್ಜಿ ತುಂಬಿಸಿದ್ದೇನೆ. ಆದರೆ ಹಣ ಹುಡುಗನ ಕೈಗೆ ಬರುತ್ತಿರಲಿಲ್ಲ. ಚೆಕ್ಕು ನೇರ ಯಂತ್ರದ ವ್ಯಾಪಾರಿಗೆ. ಯಂತ್ರ ಬ್ಯಾಂಕಿಗೆ ಒತ್ತೆ. ಸಹಾಯಧನವೂ ಅವನ ಹೆಸರಿನಲ್ಲೇ ಠೇವಣಿ, ಸಾಲ ತೀರುವ ತನಕ ಮುಟ್ಟುವಂತಿಲ್ಲ. ದುರುಪಯೋಗ ತಡೆಯಲು ಇದು ಬೇಕಿತ್ತು, ಒಪ್ಪುತ್ತೇನೆ. ಮಗ್ಗ ನಡೆಯಲು ನೂಲು ಬೇಕಲ್ಲ, ಅದಕ್ಕೆ ಹಣವೆಲ್ಲಿ?

ನೂಲು ಕೊಡುತ್ತಿದ್ದವನು ವ್ಯಾಪಾರಿ. ನೇಯ್ದ ಬಟ್ಟೆಯೂ ಅವನಿಗೇ. ಮೀಟರಿಗೆ ಇಷ್ಟು ಎಂದು ಪಿಕ್ಕಿನ ಲೆಕ್ಕದಲ್ಲಿ ಮಜೂರಿ. ಇಂಥ ಮಗ್ಗದವರನ್ನು ಇಚಲಕರಂಜಿಯಲ್ಲಿ 'ಖರ್ಚೀವಾಲೆ' ಎನ್ನುತ್ತಾರೆ. ಕರೆಂಟು ಬಿಲ್ಲು, ಬಾಡಿಗೆ, ಮುರಿದ ಬಿಡಿಭಾಗ ಖರ್ಚೀವಾಲೆಯ ಪಾಲಿಗೆ. ಬಟ್ಟೆಯ ಪೇಟೆ ಬಿದ್ದರೆ ವ್ಯಾಪಾರಿ ನೂಲು ನಿಲ್ಲಿಸಿದರಾಯಿತು.

ನೇಸರಿ ಕಡೆಯ ಹುಡುಗನೊಬ್ಬ ಎರಡು ಹಳೆಯ ಮಗ್ಗ ಹಾಕಿದ್ದ. ಮೂರು ಕಂತು ತಪ್ಪಿದಾಗ ನೋಟೀಸು ಬರೆದವನು ನಾನೇ. ಅದನ್ನು ಹಿಡಿದುಕೊಂಡೇ ಕೌಂಟರಿಗೆ ಬಂದ.

"ಕಾಕಾ, ಮಗ್ಗ ನಂದು ಅಂತ ನೀವ ಬರದೀರಿ. ನಡಸೋದು, ನಿಲ್ಲಸೋದು ಶೇಟ್‌ಜಿ ಕೈಯಾಗ ಐತ್ರಿ."

ನನ್ನಲ್ಲಿ ಉತ್ತರವಿರಲಿಲ್ಲ. ಅರ್ಜಿ ತುಂಬಿಸುವಾಗ, ನೂಲು ಎಲ್ಲಿಂದ ತರುತ್ತೀಯಪ್ಪಾ ಎಂದು ನಾನೂ ಕೇಳಿರಲಿಲ್ಲ.

1993ರಲ್ಲಿ ಪ್ರಧಾನ ಮಂತ್ರಿ ರೋಜಗಾರ ಯೋಜನೆ ಬಂತು. 2008ರಲ್ಲಿ ಅದೂ ಇನ್ನೊಂದರಲ್ಲಿ ಸೇರಿತು. ಮೊತ್ತ ಬೆಳೆಯಿತು. ಮಗ್ಗದವನಿಗೂ ವ್ಯಾಪಾರಿಗೂ ನಡುವಿನ ಮಜೂರಿಯ ಜಗಳ ಮಾತ್ರ ಹಾಗೇ ಉಳಿಯಿತು.

ಆ ಹುಡುಗ ಮಗ್ಗ ಮಾರಿ, ಅದೇ ಊರಿನಲ್ಲಿ ಬೇರೆಯವರ ಮಗ್ಗದ ಮೇಲೆ ರಾತ್ರಿ ಪಾಳಿಗೆ ನಿಂತ. ಸ್ವಯಂ ಉದ್ಯೋಗದ ಉಳಿದ ಸಾಲ ತೀರಿದ್ದು ಆ ಪಗಾರದಿಂದ.