ಸಭೆಯ ಕ್ಷಮೆ, ದೇವರ ಕೃಪೆ: ಗ್ಯಾಸ್ಕೆಲ್ ಅವರ ‘ರೂತ್’

1850ರ ಜನವರಿಯಲ್ಲಿ ಕಾದಂಬರಿಗಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ಅವರು ಚಾರ್ಲ್ಸ್ ಡಿಕನ್ಸ್ ಅವರಿಗೆ ಪತ್ರ ಬರೆದು, ಸೆರೆಮನೆಯಲ್ಲಿದ್ದ ಹದಿನಾರು ವರ್ಷದ ಹುಡುಗಿಯೊಬ್ಬಳಿಗೆ ನೆರವು ಕೋರಿದರು. ತಂದೆಯನ್ನು ಕಳೆದುಕೊಂಡು ಹೊಲಿಗೆ ಕೆಲಸಕ್ಕೆ ಸೇರಿದ್ದ ಆಕೆ ಮೋಸಹೋಗಿ ಬೀದಿಪಾಲಾಗಿದ್ದಳು. ಗ್ಯಾಸ್ಕೆಲ್ ಮ್ಯಾಂಚೆಸ್ಟರಿನ ಯೂನಿಟೇರಿಯನ್ ಬೋಧಕರ ಪತ್ನಿ. ಡಿಕನ್ಸ್ ಅವರು ಆಂಜೆಲಾ ಬರ್ಡೆಟ್-ಕೂಟ್ಸ್ ಅವರ ಧನಸಹಾಯದಿಂದ 1847ರಲ್ಲಿ ಇಂಥ ಸ್ತ್ರೀಯರಿಗಾಗಿ ಲಂಡನ್ನಿನಲ್ಲಿ ‘ಯುರೇನಿಯಾ ಕಾಟೇಜ್’ ಎಂಬ ಆಶ್ರಯಧಾಮವನ್ನು ತೆರೆದಿದ್ದರು. ಕೊನೆಗೆ ಆ ಹುಡುಗಿ ದಕ್ಷಿಣ ಆಫ್ರಿಕದ ಕೇಪ್ ವಸಾಹತಿಗೆ ಹೋಗಿ ಹೊಸ ಬಾಳು ಆರಂಭಿಸಲು ಏರ್ಪಾಟಾಯಿತು.

ಮೂರು ವರ್ಷಗಳ ತರುವಾಯ, 1853ರಲ್ಲಿ, ಗ್ಯಾಸ್ಕೆಲ್ ಅವರ ‘ರೂತ್’ ಪ್ರಕಟವಾಯಿತು. ಇದರ ನಾಯಕಿಯೂ ಹೊಲಿಗೆ ಕೆಲಸದ ಅನಾಥ ಹುಡುಗಿ. ಶ್ರೀಮಂತ ಯುವಕ ಬೆಲಿಂಗ್‌ಹ್ಯಾಮ್ ಆಕೆಯನ್ನು ವಂಚಿಸಿ ತ್ಯಜಿಸುತ್ತಾನೆ. ಗರ್ಭಿಣಿಯಾದ ಅವಳಿಗೆ ಬೋಧಕ ಬೆನ್ಸನ್ ಮತ್ತು ಅವರ ಸಹೋದರಿ ಆಶ್ರಯ ನೀಡುತ್ತಾರೆ. ಆದರೆ ಸಭೆಯವರಿಗೆ ಅವಳನ್ನು ವಿಧವೆಯೆಂದು ಪರಿಚಯಿಸುತ್ತಾರೆ. ಈ ಸುಳ್ಳು ಬೆನ್ಸನ್ನರ ಮನಸ್ಸಾಕ್ಷಿಯನ್ನು ಬಾಧಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ಸಭೆಯ ಸ್ಥಿತಿಯನ್ನು ಬಯಲುಮಾಡುತ್ತದೆ. ಪಾಪಿಗಳ ಸ್ನೇಹಿತನನ್ನು ಆರಾಧಿಸುವ ಸಮೂಹದೊಳಗೆ ಪಾಪಿಯೊಬ್ಬಳು ಸುಳ್ಳು ಹೆಸರಿಲ್ಲದೆ ಕಾಲಿಡಲಾರಳು. ಸತ್ಯ ಹೊರಬಿದ್ದಾಗ ಸಭೆಯ ಧನಿಕ ಬ್ರಾಡ್‌ಶಾ ಅವಳನ್ನು ಮನೆಯಿಂದ ಹೊರಹಾಕುತ್ತಾನೆ. ತಾನೂ ಬೆನ್ಸನ್ನರ ಪ್ರಾರ್ಥನಾಲಯವನ್ನು ತೊರೆಯುತ್ತಾನೆ.

ಅಂದಿನ ಓದುಗರಲ್ಲಿಯೂ ಬ್ರಾಡ್‌ಶಾಗಳಿದ್ದರು. ತಮ್ಮ ಪರಿಚಯದ ಇಬ್ಬರು ಪುರುಷರು ಪುಸ್ತಕವನ್ನು ಸುಟ್ಟರೆಂದು ಗ್ಯಾಸ್ಕೆಲ್ ಅವರೇ ಪತ್ರದಲ್ಲಿ ದಾಖಲಿಸಿದ್ದಾರೆ.

ಕಾದಂಬರಿಯ ಅಂತ್ಯವು ಬೇರೊಂದು ಪ್ರಶ್ನೆಯನ್ನು ಮುಂದಿಡುತ್ತದೆ. ಟೈಫಸ್ ಜ್ವರ ಹರಡಿದಾಗ ರೂತ್ ರೋಗಿಗಳ ಶುಶ್ರೂಷೆ ಮಾಡಿ ಊರಿನ ಗೌರವವನ್ನು ಮರಳಿ ಪಡೆಯುತ್ತಾಳೆ. ಕೊನೆಗೆ ತನ್ನನ್ನು ವಂಚಿಸಿದವನನ್ನೇ ಉಪಚರಿಸಿ ಪ್ರಾಣ ತೆರುತ್ತಾಳೆ. ಅವನಾದರೋ ಗುಣಮುಖನಾಗುತ್ತಾನೆ. ಅವಳೇಕೆ ಸಾಯಬೇಕೆಂದು ಷಾರ್ಲಟ್ ಬ್ರಾಂಟೆ ಅವರು ಕಾದಂಬರಿ ಪ್ರಕಟವಾಗುವ ಮೊದಲೇ ಆಕ್ಷೇಪಿಸಿದ್ದರು. ಇದು ಕೇವಲ ಕಥಾತಂತ್ರದ ಪ್ರಶ್ನೆಯಲ್ಲ, ದೈವಶಾಸ್ತ್ರದ ಪ್ರಶ್ನೆ. ದೇವರ ಕ್ಷಮೆಯನ್ನು ರೂತ್ ಎಂದೋ ಹೊಂದಿದ್ದಳು. ಅವಳ ಮರಣ ಬೇಕಾಗಿದ್ದುದು ಸಮಾಜದ ಕ್ಷಮೆಗೆ. ಕೃಪೆಯನ್ನು ನಂಬುವ ಲೇಖಕಿಯೂ ಇಲ್ಲಿ ತಮ್ಮ ಕಾಲದ ಲೆಕ್ಕಾಚಾರಕ್ಕೆ ಮಣಿದಂತೆ ತೋರುತ್ತದೆ.

ಲೂಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಫರಿಸಾಯನ ಮನೆಗೆ ಬಂದ ಸ್ತ್ರೀಯಿಂದ ಯೇಸು ಯಾವ ಪರಿಹಾರವನ್ನೂ ಕೇಳುವುದಿಲ್ಲ. ಅವಳ ಪ್ರೀತಿ ಕ್ಷಮೆಯ ಬೆಲೆಯಲ್ಲ, ಅದರ ಫಲ. ಸಮಾಧಾನದಿಂದ ಹೋಗೆಂದು ಆಕೆಯನ್ನು ಕಳುಹಿಸುವಲ್ಲಿ ಅವಳು ಬಾಳಬೇಕೆಂಬ ಆಶಯವಿದೆ. ಈ ದೃಷ್ಟಿಯಿಂದ ಸುವಾರ್ತೆಗೆ ಹೆಚ್ಚು ಸಮೀಪವಾದದ್ದು ರೂತಳ ಸಮಾಧಿಯಲ್ಲ, ಕೇಪ್ ವಸಾಹತಿಗೆ ಹೊರಟ ಆ ಹುಡುಗಿಯ ಪಯಣ. ಮರಣಿಸಿದವಳನ್ನು ಗೌರವಿಸುವುದು ಸಭೆಗೆ ಸುಲಭ. ಬದುಕಿರುವವಳಿಗೆ ಅವಳ ಸ್ವಂತ ಹೆಸರಿನಲ್ಲೇ ಪಂಕ್ತಿಯಲ್ಲಿ ಸ್ಥಳ ಕೊಡುವುದೇ ಅದರ ನಂಬಿಕೆಯ ಪರೀಕ್ಷೆ.